ತಿಂಗಳ ಹಳೆಯ ರೊಟ್ಟಿ

ಬಾಗಲಕೋಟೆಗೆ ಬಂದ ಮೊದಲ ವಾರ ರೋಗಿಯೊಬ್ಬರ ವಿಳಾಸ ಕೇಳಿದೆ. ಅಣೆಕಟ್ಟೆಯ ಹಿನ್ನೀರಿನಡಿ ಹೋದ ಹಳೆಯ ಮನೆಯ ವಿಳಾಸ ಬರೆಸಿದರು. "ಮುಳುಗಿ ಭಾಳ ವರ್ಷ ಆತ್ರಿ. ಆದ್ರ ನಮ್ಮ ಮನಿ ಅಂದ್ರ ಅದಽ."

ನಾನು ಮಂಡ್ಯದವಳು, ಇಲ್ಲಿನ ದವಾಖಾನೆಯಲ್ಲಿ ಆಪ್ತಸಮಾಲೋಚಕಿ. ನಮ್ಮಲ್ಲಿ ಬೀದಿಗೊಂದು ಹೆಸರು. ಮನೆ ಮುಳುಗಿದವರಿಗೆಂದು ಕಟ್ಟಿದ, ನಾನೀಗ ಬಾಡಿಗೆಗಿರುವ ನವನಗರದಲ್ಲಿ ಬರೀ ಸೆಕ್ಟರ್ ನಂಬರು.

ಮಲಪ್ರಭೆ ಉಕ್ಕಿದಾಗ ಬಾದಾಮಿ ಕಡೆಯ ಹಳ್ಳಿಗಳಿಗೆ ವೈದ್ಯರ ತಂಡಗಳು ಹದಿನೈದು ದಿನ ಬಂದವು. ನೀರು ಇಳಿಯಿತು, ಅವರೂ ಹೋದರು. ಜನ ನಿದ್ದೆಗೆಟ್ಟು ನಮ್ಮಲ್ಲಿಗೆ ಬರತೊಡಗಿದ್ದು ಮರುವರ್ಷ ಮೋಡ ಕಂಡ ಮೇಲೆ. ಮೇಲಿನ ಕಚೇರಿಯಿಂದ ಫೋನು: "ನೆರೆ ಮುಗದು ವರ್ಷ ಆತು, ಈಗ್ಯಾಕ್ರಿ ಇಷ್ಟು ಮಂದಿ ದಾಖಲ್ ಆಗಾಕತ್ತಾರ?" ಮನಸ್ಸು ನಿಮ್ಮ ಫೈಲಿನ ತಾರೀಖು ನೋಡಿಕೊಂಡು ಕೆಡುತ್ತದೆಯೇ ಸ್ವಾಮಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಇಷ್ಟೆಲ್ಲ ಸಿಡುಕುವ ನಾನೇ ಒಂದು ಎಡವಟ್ಟು ಮಾಡಿದೆ. ನೆರೆ ಸಂತ್ರಸ್ತರ ಕಾಲನಿಯಿಂದ ಗಂಗವ್ವನನ್ನು ಗಂಡ ಕರೆತಂದಿದ್ದ. ನಿದ್ದೆಯಿಲ್ಲ, ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಮನೆಗೆ ಹೋಗಿ ನೋಡಿದರೆ ಅಟ್ಟದ ಮೇಲೆ ಬಟ್ಟೆಯಲ್ಲಿ ಕಟ್ಟಿಟ್ಟ ಜೋಳದ ರೊಟ್ಟಿಯ ರಾಶಿ, ತಿಂಗಳಷ್ಟು ಹಳೆಯದು. ಬಿಸಿ ಮುದ್ದೆ ಉಂಡು ಬೆಳೆದ ನಾನು ‘ಹಳಸಿದ ಆಹಾರ ಕೂಡಿಡುತ್ತಾಳೆ’ ಎಂದು ಬರೆದು, ಧಾರವಾಡದ ಮಾನಸಿಕ ಆಸ್ಪತ್ರೆಯಲ್ಲಿ ದಾಖಲು ಮಾಡಿಸಬೇಕೆಂದು ನಮ್ಮ ಡಾಕ್ಟರಿಗೆ ಶಿಫಾರಸು ಮಾಡಿದೆ. ಮೂರು ವರ್ಷದ ಮಗಳನ್ನು ಬಿಟ್ಟು ಆಕೆ ಹೋಗಬೇಕಿತ್ತು.

ವಿಷಯ ತಿಳಿದ ಅವಳ ಅತ್ತೆ ದವಾಖಾನೆಗೇ ಬಂದು ನನ್ನ ಮೇಜಿನ ಮೇಲೆ ಒಂದು ರೊಟ್ಟಿ ಮುರಿದರು. ಕಟಕ್ಕೆಂದಿತು.

"ಬಾಯಾರ, ಇದು ಕಡಕ್ ರೊಟ್ಟಿ. ಕೆಡಂಗಿಲ್ರಿ. ಹೊಳಿ ಬಂದಾಗ ಮೂರು ದಿನ ಮಾಳಗಿ ಮ್ಯಾಲೆ ಕುಂತು ಇದನ್ನಽ ತಿಂದು ಉಳದೇವಿ. ಮ್ವಾಡ ಆತಂದ್ರ ಇಡೀ ಕಾಲನಿ ಕಟ್ಟಿಡ್ತೈತಿ. ಎಲ್ಲಾರ್ನೂ ಧಾರವಾಡಕ್ಕ ಕಳಸ್ತೀರೇನು?"

ಹಿಂದೆ ನಿಂತಿದ್ದ ಗಂಗವ್ವ ಮೆಲ್ಲಗೆ ಹೇಳಿದಳು: "ನನಗ ನಿದ್ದಿ ಬರೂದಷ್ಟು ನೋಡ್ರಿ. ರೊಟ್ಟಿ ನಾ ನೋಡ್ಕೋತೇನಿ."

ಡಾಕ್ಟರ ಬಳಿ ತಪ್ಪೊಪ್ಪಿಕೊಂಡು ಶಿಫಾರಸು ಹಿಂತೆಗೆದುಕೊಂಡೆ. ಈಗ ಮನೆಯಲ್ಲೇ ಗುಳಿಗೆ, ವಾರಕ್ಕೊಮ್ಮೆ ಮಾತುಕತೆ. ನಿದ್ದೆ ಅಷ್ಟಿಷ್ಟು ಹತ್ತುತ್ತಿದೆ.

ಹೋದ ತಿಂಗಳು ನಾನು ರಜೆಗೆ ಹೊರಟಾಗ ಗಂಗವ್ವ ರೊಟ್ಟಿಯ ಗಂಟೊಂದನ್ನು ಕೊಟ್ಟಳು. ಮಂಡ್ಯದಲ್ಲಿ ಮಧ್ಯಾಹ್ನವೇ ಮೋಡ ಕವಿದಿತ್ತು. ಅಮ್ಮ ಗಂಟು ಬಿಚ್ಚಿ, "ಯಾವ ಕಾಲದ್ದೇ ಇದು? ಹಸುಗೆ ಹಾಕ್ಲಾ?" ಎಂದಳು. ಕಸಿದುಕೊಂಡು, ಸ್ಟೂಲು ಹತ್ತಿ, ಅಟ್ಟದ ಮೇಲಿಟ್ಟೆ. ಅಂದು ನಾನು ಗಂಗವ್ವನನ್ನು ನೋಡಿದ ಹಾಗೆಯೇ ಅಮ್ಮ ನನ್ನನ್ನು ನೋಡುತ್ತ ನಿಂತಳು.