ಶಂಕರಿ ಟೀಚರ್ ಕೊರೆದ ಕೋಣೆ

ಬಾಯಾರಿನ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕತ್ತರಿಸುವ ಯಂತ್ರ ಓಡಿಸುವ ವಿಜೇತನಿಗೆ ಚರಿತ್ರೆಯಲ್ಲಿ ಎಂ.ಎ. ಉಂಟು; ಅದು ಕಲ್ಲಿಗೆ ಗೊತ್ತಿಲ್ಲ. ಗುಮಾಸ್ತರ ಪರೀಕ್ಷೆಯಲ್ಲಿ ಅವನು ಒಂದೇ ಮಾರ್ಕಿನಿಂದ ಹೊರಗೆ ಬಿದ್ದದ್ದು. ತಪ್ಪಿದ ಪ್ರಶ್ನೆ ಇದು: ಬರಹ ಗೊತ್ತಿಲ್ಲದ ಕಾಲದವರು ಕಲ್ಲು ಕೊರೆದು ಮಾಡಿದ ಶವದ ಕೋಣೆಗಳ ಬಾಗಿಲನ್ನು ಎಲ್ಲಿಂದ ಮುಚ್ಚುತ್ತಿದ್ದರು? ಸರಿಯುತ್ತರ, ಹೊರಗಿನಿಂದ. ಸತ್ತವರು ಎದ್ದು ಬಾಗಿಲು ಹಾಕಿಕೊಳ್ಳುವುದಿಲ್ಲ ಎನ್ನುವಷ್ಟು ಬುದ್ಧಿ ಯಾರಿಗೂ ಇರುತ್ತದೆ. ವಿಜೇತ ಮಾತ್ರ 'ಒಳಗಿನಿಂದ' ಎಂದು ಗುರುತು ಹಾಕಿ, ಸಮಯ ಉಳಿಯಿತೆಂದು ಅದನ್ನೇ ಎರಡು ಸಲ ಪರಿಶೀಲಿಸಿ ಬಂದಿದ್ದ.

ಆ ಸರಿಯುತ್ತರವನ್ನು ಲೋಕಕ್ಕೆ ಕೊಟ್ಟವರು ಶಿರಿಯದ ಶಂಕರಿ ಟೀಚರ್. ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಹೊಸತರಲ್ಲಿ, ಹೊಸಂಗಡಿಯಿಂದ ಬಾಯಾರಿಗೆ ಹೋಗುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಉಳಿದವರು ಕಂಡಕ್ಟರನಿಗೆ ಬೈಯುತ್ತಾ ನಿಂತರೆ ಇವರು ಗುಡ್ಡ ಹತ್ತಿ, ಕಲ್ಲಿನಲ್ಲೊಂದು ದುಂಡು ತೂತು ಕಂಡು ಬಂದರು. ಅಲ್ಲಿಂದ ಮೂವತ್ತೆಂಟು ವರ್ಷ ಅವರಿಗೆ ಅಂಥ ತೂತುಗಳೇ ಸಂಸಾರ. ತಾನು ಮಾಡಿ ನೋಡದ್ದನ್ನು ಬರೆಯುವ ಜನ ಅಲ್ಲ. ಹಳಬರು ಹೇಗೆ ಕೊರೆದರೆಂದು ತಿಳಿಯಲು ಮನೆ ಹಿಂದೆ ಗುಡ್ಡ ಕಡಿದ ಕೆಂಪುಕಲ್ಲಿನ ಬರೆಯಲ್ಲಿ ಹನ್ನೊಂದು ತಿಂಗಳು ಉಳಿ ಹಿಡಿದು ತಾನೇ ಒಂದು ಕೋಣೆ ಕೊರೆದರು. "ಟೀಚರ್ ಗೋರಿ ಕಟ್ಟಿಸ್ತಾ ಇದ್ದಾರೆ, ಪೆನ್ಷನ್ ಆದ ಮೇಲೆ ಒಕ್ಕಲು" ಎಂದು ನೆರೆಮನೆಯ ಪ್ರೇಮಾವತಿ ಮೀನು ಕೊಯ್ಯುತ್ತಾ ಹೇಳಿದ್ದು ಇವತ್ತಿಗೂ ಊರಲ್ಲಿ ಚಾಲ್ತಿಯಲ್ಲಿದೆ.

ಇಪ್ಪತ್ತಾರು ಕೋಣೆ ಅಳೆದ ಮೇಲೆ ಅವರು ಬರೆದ ಮಾತು: ಬಾಗಿಲ ಚಪ್ಪಡಿಯ ಸಂದಿಗೆ ಮೆತ್ತಿದ ಜೇಡಿಮಣ್ಣು ಯಾವಾಗಲೂ ಹೊರಬದಿಗೆ; ಅದು ಬದುಕಿದವರು ಸತ್ತವರಿಗೆ ಮಾಡುವ ಕೊನೆಯ ಕೆಲಸ. ಅದನ್ನು ಓದಿ ಎಲ್ಲೆಲ್ಲಿಯದೋ ವಿದ್ವಾಂಸರು ತಾವು ಅಗೆದು ಬಿಟ್ಟ ಕೋಣೆಗಳಿಗೆ ಜೇಡಿ ಹುಡುಕಲು ವಾಪಸು ಹೋದರು. ಮಾತು ಪಠ್ಯಪುಸ್ತಕ ಸೇರಿತು, ಗೈಡು ಸೇರಿತು, ಕೊನೆಗೆ ವಿಜೇತನ ಮಾರ್ಕನ್ನೂ ತಿಂದಿತು.

ಹೋದ ಫೆಬ್ರವರಿಯಲ್ಲಿ ವಿಜೇತನ ಯಂತ್ರ ಅಂಥದ್ದೇ ಒಂದು ಕೋಣೆಯ ಹಿಂಗೋಡೆ ಸೀಳಿತು. ಬುಟ್ಟಿಯಷ್ಟು ತೂತು. ಒಳಗಿಂದ ಈಗಷ್ಟೇ ಕಲಸಿಟ್ಟ ಮಣ್ಣಿನ ವಾಸನೆ. ಫೋನು ಹೋದ ಅರ್ಧ ದಿನದಲ್ಲಿ ಟೀಚರ್ ಬಂದು ಟಾರ್ಚು ಬಿಟ್ಟರು. ಎರಡು ಮಡಕೆ. ಎಲುಬಿಲ್ಲ, ಕೆಂಪುಕಲ್ಲು ಎಲುಬನ್ನು ಉಳಿಸುವುದಿಲ್ಲ, ಕರಗಿಸುತ್ತದೆ. ಎದುರಿಗೆ ಮುಚ್ಚಿದ ಬಾಗಿಲು. ಜೇಡಿ ಇದ್ದದ್ದು ಒಳಬದಿಗೆ. ಅದರ ಮೇಲೆ ಬೆರಳ ಗೆರೆಗಳು, ಎಲ್ಲವೂ ಕೆಳಗಿನಿಂದ ಮೇಲಕ್ಕೆ ಎಳೆದವು.

"ಯಾರೋ ಒಳಗೆ ಕೂತು ಮುಚ್ಚಿಕೊಂಡಿದ್ದಾರೆ" ಎಂದರು ಟೀಚರ್, ಮಲಗಿದ ಮಗುವಿನ ಪಕ್ಕ ಮಾತಾಡುವ ಹಾಗೆ.

ಕೋರೆಯ ಮೇಸ್ತ್ರಿ ಕುಂಞ ಮುಂದೆ ಬಂದ. "ಎಂತ ಟೀಚರೇ, ಒಂದು ಪೈಪು ನೀರು ಬಿಟ್ಟು ಆ ಜೇಡಿ ತೊಳೆದರೆ ಮುಗಿಯಿತು. ನಿಮ್ಮ ಪುಸ್ತಕವೂ ಉಳಿಯಿತು, ನಮ್ಮ ಕೆಲಸವೂ ಉಳಿಯಿತು."

ಟೀಚರ್ ಪೈಪಿನ ಕಡೆ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಮತ್ತೆ, "ನಾನು 'ಯಾವಾಗಲೂ' ಅಂತ ಬರೆದುಬಿಟ್ಟಿದ್ದೇನೆ ಮಾರಾಯ" ಎಂದರು. "ವಿಜೇತ, ನಾಳೆ ಶಿರಿಯಕ್ಕೆ ಬಾ. ಒಳಗಿನಿಂದ ಮುಚ್ಚಲು ಆಗುತ್ತದಾ ನೋಡುವ. ಆಗುತ್ತದೆಂದಾದರೆ ನನ್ನ ಮಾತು ಹೋಯಿತು."

ಮರುದಿನ ಹನ್ನೆರಡರ ಬಿಸಿಲಿಗೆ, ಬಟ್ಟಲು ತುಂಬ ಜೇಡಿ ಹಿಡಿದು ಟೀಚರ್ ತಾನೇ ಕೊರೆದ ಕೋಣೆಗೆ ನುಗ್ಗಿದರು. ಅಲ್ಲಿ ಯಾರೂ ಸತ್ತದ್ದಿಲ್ಲ, ಯಾರನ್ನೂ ಇಟ್ಟದ್ದಿಲ್ಲ. "ಹತ್ತು ನಿಮಿಷ. ಮತ್ತೆ ಎಳೆ." ಚಪ್ಪಡಿ ಒಳಗಿನಿಂದ ಗರಗರ ಸರಿದು, ಬಾಯಿ ಮುಚ್ಚಿದ ಹಾಗೆ ಕೂತಿತು. ಅಷ್ಟರಲ್ಲೇ ಟೀಚರ ಮೂವತ್ತೆಂಟು ವರ್ಷದ ಕೆಲಸ ಮುಗಿಯಿತೆಂದು ವಿಜೇತನಿಗೆ ತಿಳಿಯಿತು. ಮರುಗುವ ಬದಲು ತನ್ನ ಮಾರ್ಕು ನೆನಪಾಯಿತು; ಅದಕ್ಕೆ ನಾಚಿಕೆಯೂ ಆಯಿತು.

ಕಲ್ಲಿಗೆ ಕಿವಿ ಇಟ್ಟ. ಚಪ್ಪಡಿಯ ಒಂದು ಅಂಚು ಮನೆಯ ಕಡೆಗೆ, ಇನ್ನೊಂದು ಕೆಳಗಿನ ಹೊಳೆಯ ಕಡೆಗೆ. ಮನೆಯ ಬದಿಯ ಸಂದಿಯಲ್ಲಿ ಪಚ್, ಪಚ್, ಜೇಡಿ ಮೆತ್ತುವ ಸದ್ದು. ಹೊಳೆಯ ಬದಿಯಲ್ಲೂ ಪಚ್, ಪಚ್. ಮನುಷ್ಯನಿಗೆ ಎರಡು ಕೈ ಇರುತ್ತದೆ, ಹೆದರುಪುಕ್ಕಲ, ಎಂದು ತನಗೆ ತಾನೇ ಬೈದುಕೊಂಡ. ಒಳಗೆ ಟೀಚರ್ ಕೆಮ್ಮಿದರು. ಮನೆಯ ಬದಿಯ ಸದ್ದು ನಿಂತಿತು. ಹೊಳೆಯ ಬದಿಯದ್ದು ನಿಲ್ಲಲಿಲ್ಲ.

ಹತ್ತಕ್ಕೆ ಕಾಯದೆ ಎಂಟಕ್ಕೇ ಚಪ್ಪಡಿ ಎಳೆದ.

ಟೀಚರ್ ಮೊಣಕಾಲೂರಿ ಕೂತಿದ್ದರು. ಬಲಗೈಗೆ ಮಣ್ಣು. ಎಡಗೈಯಲ್ಲಿ ಟಾರ್ಚು.

"ಇಷ್ಟು ಬೇಗ ಯಾಕೆ ತೆಗೆದದ್ದು? ಮನೆಯ ಬದಿ ಮಾತ್ರ ಆದದ್ದು, ಇನ್ನೊಂದು ಬದಿ ಶುರುವೇ ಮಾಡಲಿಲ್ಲ."

ವಿಜೇತ ಚಪ್ಪಡಿಯ ಒಳಮೈಯನ್ನು ಬಿಸಿಲಿಗೆ ತಿರುಗಿಸಿದ. ಮನೆಯ ಬದಿಯಲ್ಲಿ ಟೀಚರ ಬೆರಳು ಮೇಲಿನಿಂದ ಕೆಳಕ್ಕೆ ಎಳೆದ ಗೆರೆ. ಹೊಳೆಯ ಬದಿಯಲ್ಲಿ ಗೆರೆಗಳು ಕೆಳಗಿನಿಂದ ಮೇಲಕ್ಕೆ. ಮಣ್ಣು ಹಸಿಹಸಿ.

ಟೀಚರ್ ಟೇಪು ತೆಗೆದರು. ಎರಡೂ ಬದಿ ಅಳೆದರು. ಅಲ್ಲೇ ಕೋಣೆಯ ಬಾಗಿಲ ಮೆಟ್ಟಿಲ ಮೇಲೆ ಕೂತು, ತನ್ನ ಪ್ರಬಂಧ ಅಚ್ಚು ಹಾಕಿದ್ದ ಪತ್ರಿಕೆಗೆ ಕಾಗದ ಬರೆದರು: ಕೋಣೆಯನ್ನು ಒಳಗಿನಿಂದ ಮುಚ್ಚಬಹುದು, ಮುಚ್ಚಿದ್ದೂ ಉಂಟು, ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕೆಳಗೆ ಇನ್ನೊಂದು ಸಾಲು: ಹೊಳೆಯ ಬದಿ ಅಳೆದಿದೆ, ಮೆತ್ತಿದವರು ಗೊತ್ತಿಲ್ಲ.

"ಹಾಗಾದರೆ ನಾನು ಬರೆದ ಉತ್ತರ ಸರಿ ಅಲ್ವಾ ಟೀಚರೇ?" ಏನಾದರೂ ಮಾತಾಡಬೇಕಲ್ಲ ಎಂದು ವಿಜೇತ ಕೇಳಿದ.

"ಸರಿಯೇ. ಮಾರ್ಕು ಕೇಳಲು ಹೋಗಬೇಡ, ನಗಾಡುತ್ತಾರೆ." ಟೀಚರ್ ಬಟ್ಟಲಲ್ಲಿ ಉಳಿದ ಜೇಡಿಯನ್ನು ಅವನ ಕೈಗೆ ಕೊಟ್ಟರು. "ಚಪ್ಪಡಿ ಇಟ್ಟು ಮುಚ್ಚಿಬಿಡು. ಹೊರಗಿನಿಂದ."

ವಿಜೇತ ಮನೆಯ ಬದಿಗೆ ಮೆತ್ತಿ ಮುಗಿಸಿ ಹೊಳೆಯ ಬದಿಗೆ ಬಂದ.

"ಅಲ್ಲಿಗೆ ಸ್ವಲ್ಪ ಹೆಚ್ಚು ಹಾಕು" ಎಂದರು ಟೀಚರ್.