ಕಾಶಮ್ಮ ಹೊಲಿದ ಚೀಲ

2018ರ ತೊಗರಿ ಸುಗ್ಗಿಯಲ್ಲಿ ನಾನು ತಾಂಡೂರಿನಲ್ಲಿ ಸಹಾಯಕ ಕಾರ್ಮಿಕ ಅಧಿಕಾರಿಯಾಗಿದ್ದೆ. ಹುಟ್ಟಿದ್ದು ನಾರಾಯಣಖೇಡದಲ್ಲಿ, ಓದಿದ್ದು ಇತಿಹಾಸ, ಮಾಡಿದ್ದೆಲ್ಲ ಜಗಳ ಬಿಡಿಸುವ ಕೆಲಸ. ನಮ್ಮ ಇಲಾಖೆಯಲ್ಲಿ ಇದಕ್ಕೆ ಕನ್ಸಿಲಿಯೇಷನ್ ಎನ್ನುತ್ತಾರೆ. ಎರಡೂ ಕಡೆಯವರನ್ನು ಎದುರುಬದುರು ಕೂರಿಸಿ, ಚಹಾ ಕುಡಿಸಿ, ಒಪ್ಪಂದಕ್ಕೆ ತರುವುದು. ಆಜ್ಞೆ ಮಾಡುವ ಅಧಿಕಾರ ಇರುವುದಿಲ್ಲ. ಎರಡೂ ಕಡೆಯಿಂದ ಬೈಸಿಕೊಳ್ಳುವ ಹಕ್ಕು ಮಾತ್ರ ಧಾರಾಳವಾಗಿರುತ್ತದೆ.

ಒಂದು ಬೆಳಿಗ್ಗೆ ಯಾಲಾಲ್ ಬಸ್ಸಿನಿಂದ ಇಳಿದು ಕಾಶಮ್ಮ ಎಂಬಾಕೆ ನೇರ ನನ್ನ ಮೇಜಿನ ಮುಂದೆ ಬಂದು ನಿಂತಳು. ಅವಳ ಗಂಡ ನಾಗಪ್ಪ ಧಾನ್ಯದ ಮಾರುಕಟ್ಟೆಯಲ್ಲಿ ಹಮಾಲಿಯಾಗಿದ್ದ. ಹಿಂದೊಮ್ಮೆ ಲಾರಿಯ ಹಲಗೆಯಿಂದ ಜಾರಿ ಬಿದ್ದು ನಡು ಮುರಿದುಕೊಂಡಿದ್ದ. ಭಾರ ಎತ್ತಲಾಗದ ಸದಸ್ಯನಿಗೆ ಚೀಲದ ಬಾಯಿ ಹೊಲಿಯುವ ಜಾಗ ಕೊಡುವುದು ಹಮಾಲರ ಸಂಘದ ಹಳೆಯ ಪದ್ಧತಿ. ನಾಗಪ್ಪನಿಗೂ ದಬ್ಬಣ, ಸುತಳಿ ಕೊಟ್ಟು ಕೂರಿಸಿದರು. ಆದರೆ ಅವನ ಕೈಗಳು ನಡುಗತೊಡಗಿದವು. ಕಾಶಮ್ಮ ಪಕ್ಕದಲ್ಲಿ ಕೂತು ತಾನೇ ಹೊಲಿಯತೊಡಗಿದಳು. ಇದು ಇಡೀ ಮಾರುಕಟ್ಟೆಗೆ ಗೊತ್ತಿತ್ತು, ಯಾರೂ ತುಟಿ ಬಿಚ್ಚಲಿಲ್ಲ. ನಾಗಪ್ಪ ಪಕ್ಕದಲ್ಲಿ ಕೂತಿರುವವರೆಗೆ ಅದು ನಾಗಪ್ಪನ ಕೆಲಸ.

ಆ ಸುಗ್ಗಿಗೆ ಸ್ವಲ್ಪ ಮುಂಚೆ ಅವನು ತೀರಿಕೊಂಡ. ಸಂಘದವರೇ ಹೆಗಲು ಕೊಟ್ಟರು, ಮನೆಗೆ ಜೋಳ, ಬೇಳೆ ಕಳಿಸಿದರು. ಆಮೇಲೆ, ಇನ್ನು ಮಾರುಕಟ್ಟೆಗೆ ಬರಬೇಡ ಎಂದರು.

"ಕಾಳು ಕೊಡ್ತೀವಿ, ಮನ್ಯಾಗ ಕುಂದ್ರು ಅಂತಾರ್ರಿ," ಎಂದಳು ಕಾಶಮ್ಮ. "ಕೈಕಾಲು ಗಟ್ಟಿ ಅದಾವ ನನ್ನವು. ಕುಂತು ತಿನ್ನಾಕ ನನಗೇನ್ ಧಾಡಿ ಬಂದೈತ್ರಿ? ನನ್ನ ಜಗಾ ನನಗ ಕೊಡಸ್ರಿ."

ಸಂಘದ ಮುಕದ್ದಮ, ಅಂದರೆ ಹಿರಿಯ, ಶಂಕ್ರೆಪ್ಪ. ಮೊಣಕಾಲು ಹೋಗಿ ಚೀಲ ಎತ್ತುವುದನ್ನು ಬಿಟ್ಟಿದ್ದರೂ ಅವರ ಮಾತೆಂದರೆ ಮಾತೇ. ಅವರನ್ನು ಆಫೀಸಿಗೆ ಕರೆಸಿದೆ. ಹೆಂಗಸರಿಗೆ ಸದಸ್ಯತ್ವ ಇಲ್ಲ ಎಂದರು. ಸಂಘದವರು ಹೊಲಿದ ಚೀಲವನ್ನಷ್ಟೇ ಸಂಘದವರು ಎತ್ತಬೇಕೆಂಬುದು ಅವರ ಕಟ್ಟಳೆ. ಹೊಲಿಗೆ ಸಡಿಲಾದರೆ ಬೆನ್ನ ಮೇಲೆಯೇ ಚೀಲ ಬಾಯಿ ಬಿಟ್ಟು ಮನುಷ್ಯ ಮುಗ್ಗರಿಸುತ್ತಾನೆ. ಆದ್ದರಿಂದ ಕಾಶಮ್ಮ ಕೂತು ಹೊಲಿದರೂ ಆ ಚೀಲ ಅಲ್ಲೇ ಕೊಳೆಯಬೇಕು.

ನನ್ನ ಇತಿಹಾಸದ ಓದು ಇಂಥಲ್ಲಿ ಬಾಯಿ ಹಾಕದೆ ಇರುವುದಿಲ್ಲ. ನಮ್ಮ ಸೀಮೆಯ ಹಳೆಯ ಶಾಸನಗಳಲ್ಲಿ ವರ್ತಕರ ಕೂಟಕ್ಕೆ ನಕರ ಎಂಬ ಹೆಸರಿದೆ, ಎಣ್ಣೆ ತೆಗೆಯುವವರ ಕೂಟಕ್ಕೆ ತೆಲ್ಲಿಗರ ಐವತ್ತೊಕ್ಕಲು ಎಂದು. ವ್ಯವಹಾರದ ಕಟ್ಟುಪಾಡು ಅವರೇ ಮಾಡುತ್ತಿದ್ದರು, ಗುಡಿಯ ದೀಪಕ್ಕೆ ಎಣ್ಣೆ ಕೊಡುತ್ತಿದ್ದರು, ಅವರ ಮಾತಿಗೆ ಅರಸರೂ ಬೆಲೆ ಕೊಡುತ್ತಿದ್ದರು. ನೀವೂ ಅದೇ ವಂಶದವರು, ದೊಡ್ಡ ಮನಸ್ಸು ಮಾಡಿ ಎಂದು ಉದ್ದಕ್ಕೆ ಹೇಳಿದೆ. ಶಂಕ್ರೆಪ್ಪ ಚಹಾ ಮುಗಿಸಿ ಬಾಯಿ ಒರೆಸಿಕೊಂಡರು.

"ಆ ಐವತ್ತು ಒಕ್ಕಲಿನ್ಯಾಗ ಹೆಣ್ಮಕ್ಕಳು ಮೆಂಬರ್ ಇದ್ರೇನ್ರಿ ಮೇಡಂ?"

ನನಗೆ ಗೊತ್ತಿರಲಿಲ್ಲ. ನಗು ಬಂತು, ಸಿಟ್ಟೂ ಬಂತು. ಆಮೇಲೆ ಅವರು ದನಿ ತಗ್ಗಿಸಿ ಒಳಗಿನ ಭಯ ಹೇಳಿದರು: "ಇವತ್ತ ಒಬ್ಬಾಕಿಗೆ ಬಾಗಲಾ ತೆಗೀತೀವಿ. ನಾಳೆ ಸೇಟುಗಳು ತಮ್ಮ ಮಂದೀನ ಅದೇ ಬಾಗಲಾಗ ತೂರಸ್ತಾರ. ಆಮ್ಯಾಲ ಸಂಘ ಎಲ್ಲಿ ಉಳೀತದ್ರಿ?"

ಸಂಧಾನ ಮುರಿದುಬಿತ್ತು. ಮರುದಿನ ಮಾರುಕಟ್ಟೆಗೆ ಹೋದರೆ ಕಾಶಮ್ಮ ತನ್ನ ಹಳೆಯ ಜಾಗದಲ್ಲಿ ದಬ್ಬಣ ಹಿಡಿದು ಕೂತಿದ್ದಳು. ಸುತ್ತ ತೊಗರಿ ರಾಶಿ, ಅವಳ ಮುಂದೆ ಒಂದು ಚೀಲವೂ ಇಲ್ಲ. ಹಮಾಲರು ಅವಳನ್ನು ನೋಡಲಾರದೆ ಸುತ್ತು ಹಾಕಿ ನಡೆಯುತ್ತಿದ್ದರು.

ಆಗ ಒಬ್ಬ ವ್ಯಾಪಾರಿ ಅಂಗಡಿಯಿಂದ ಇಳಿದು ಬಂದ. ಎಲ್ಲರಿಗೂ ಕೇಳಲೆಂದೇ ಗಟ್ಟಿಯಾಗಿ ಹೇಳಿದ: "ಇವ್ರ ಹಂಗ್ಯಾಕ ನಿನಗ? ನನ್ನ ಅಂಗಡಿ ಚೀಲಾ ಎಲ್ಲಾ ನೀನ ಹೊಲಿ. ಎತ್ತಾಕ ನಾ ಹೊರಗಿನ ಮಂದೀನ ತರಸ್ತೀನಿ. ಇವ್ರ ಸಂಘಾನ ಬ್ಯಾಡ ನಮಗ."

ಶಂಕ್ರೆಪ್ಪ ನನ್ನ ಕಡೆ ನೋಡಿದರು. ಹೇಳಿದ್ದೆನಲ್ಲ ಎಂಬಂಥ ನೋಟ. ಅವಳು ಹೂಂ ಅಂದಿದ್ದರೆ ಅವಳ ಹೊಟ್ಟೆಪಾಡು ನಡೆಯುತ್ತಿತ್ತು, ತಪ್ಪೆನ್ನಲು ನನಗೂ ಬಾಯಿ ಇರುತ್ತಿರಲಿಲ್ಲ.

ಕಾಶಮ್ಮ ಕೂತಲ್ಲಿಂದ ಏಳಲೂ ಇಲ್ಲ. "ನಡೀರಿ ಸೇಟ್, ನಿಮ್ಮ ಕೆಲಸಾ ನೋಡ್ಕೋರಿ. ನನ್ನ ಗಂಡ ನಡಾ ಮುರಕೊಂಡು ಬಿದ್ದಾಗ ನೀವು ಬಂದಿದ್ರೇನು? ಈ ಸಂಘ ಬಂದಿತ್ತು. ಸಂಘದಾಗ ಕುಂದ್ರಾಕ ಬಂದೀನಿ ನಾ, ಅದನ್ನ ಮುರ್ಯಾಕ ಬಂದಿಲ್ಲ."

ವ್ಯಾಪಾರಿ ಗೊಣಗುತ್ತ ಹೋದ. ಶಂಕ್ರೆಪ್ಪ ತುಂಬಿಟ್ಟಿದ್ದ ಒಂದು ಚೀಲವನ್ನು ಅವಳ ಮುಂದೆ ಎಳೆಸಿ, "ಹೊಲಿಯವ್ವ," ಎಂದರು.

ಅವಳು ಹೊಲಿದಳು. ಹಿಡಿಯಲು ಅನುಕೂಲವಾಗಲೆಂದು ಎರಡೂ ಮೂಲೆಗೆ ಕಿವಿಯಂತೆ ಗಂಟು ಹಾಕುವುದು ಅವಳ ರೂಢಿ, ಹಾಕಿದಳು. ಶಂಕ್ರೆಪ್ಪ ಟವೆಲ್ ಬಿಚ್ಚಿ ಬೆನ್ನಿಗೆ ಹಾಸಿ ಬಗ್ಗಿದರು. ಯಾರೂ ಹತ್ತಿರ ಬರಲಿಲ್ಲ.

"ಏನ್ ನೋಡ್ತೀರಲೇ? ಎತ್ತಿಡ್ರಿ!"

ಇಬ್ಬರು ಓಡಿಬಂದು ಚೀಲವನ್ನು ಅವರ ಬೆನ್ನಿಗೇರಿಸಿದರು. ಮೊದಲ ಹೆಜ್ಜೆಗೇ ಅವರು ಒಂದು ಕಡೆ ವಾಲಿದರು. ಕಾಶಮ್ಮ ಗಾಬರಿಯಾಗಿ, "ಯಪ್ಪಾ, ಸಾವಕಾಶ!" ಎಂದು ಕೂಗಿದಳು. ಲಾರಿಯವರೆಗೆ ಹೋಗಿ ಚೀಲ ಇಳಿಸಿ, ಏದುಸಿರು ಬಿಡುತ್ತ ಅವರು ನನ್ನ ಕಡೆ ತಿರುಗಿದರು.

"ಕಟ್ಟಳಿ ಮುರ್ದಿಲ್ರಿ ಮೇಡಂ ನಾ. ಸಂಘದವ್ರು ಹೊಲಿದ ಚೀಲಾನ ಎತ್ತೀನಿ."

ನಾನು ಕಣ್ಣೊರೆಸಿಕೊಂಡೆ, ತೊಗರಿಯ ಧೂಳು ಎಂದು ಸುಳ್ಳು ಹೇಳುವ ವಯಸ್ಸು ಈಗಿಲ್ಲ. ಆಫೀಸಿಗೆ ಬಂದು ವಿವಾದ ಇತ್ಯರ್ಥವಾಯಿತೆಂದು ಬರೆದೆ. ಇತ್ಯರ್ಥ ಮಾಡಿದವಳು ನಾನಲ್ಲ ಎಂದು ಬರೆಯಲು ಆ ಫೈಲಿನಲ್ಲಿ ಜಾಗವಿರಲಿಲ್ಲ. ಮುಂದೆ ನಿವೃತ್ತಿಯವರೆಗೂ ಎಷ್ಟೋ ಸಂಘಗಳ ಜಗಳ ನೋಡಿದೆ. ಇವರು ನಮ್ಮವರಲ್ಲ ಎಂದು ಯಾರಾದರೂ ಬಂದರೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ನಿಮ್ಮ ಸಂಘವನ್ನು ಮುರಿಯಲು ಬಂದವರಿಗೆ ಇವರು ಏನಂದರು? ಅದರ ಉತ್ತರದಲ್ಲೇ ಒಳಗಿನವರು ಯಾರೆಂದು ತಿಳಿಯುತ್ತಿತ್ತು. ಹಾಗೆ ಕೇಳುವುದನ್ನು ನನಗೆ ಕಲಿಸಿದವಳು ಕಾಶಮ್ಮ. ಅವಳು ಅವತ್ತು ನನಗೆ ನಮಸ್ಕಾರ ಕೂಡ ಮಾಡಲಿಲ್ಲ. ದಬ್ಬಣಕ್ಕೆ ಸುತಳಿ ಪೋಣಿಸುತ್ತ, ನಿಂತಿದ್ದ ಹಮಾಲರನ್ನು ಜಬರಿಸುತ್ತಿದ್ದಳು:

"ಸುಮ್ನ ಯಾಕ ನಿಂತೀರಿ? ಮುಂದಿನ ಚೀಲಾ ತರ್ರಿ."