ಎರಡನೇ ಚರಣ

ಹಾಡು ಹೊರಬಂದ ದಿನ ನನ್ನನ್ನು ಬೈದವರು ಬಹಳ ಮಂದಿ. ಅವರ ಮೇಲೆ ನನಗೆ ಅಷ್ಟಾಗಿ ಸಿಟ್ಟು ಬರಲಿಲ್ಲ. ಬೈಯುತ್ತಾರೆಂದು ಗೊತ್ತಿದ್ದೇ ಹಾಡಿದ್ದೆ. ಮೈ ಉರಿದದ್ದು ಹೊಗಳಿದವರ ಮಾತು ಓದಿ. “ಮುಸ್ಲಿಂ ಹೆಣ್ಣುಮಗಳಾದರೂ ಎಷ್ಟು ಸ್ವಚ್ಛ ಕನ್ನಡ!” ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಆ ‘ಆದರೂ’ ಎಂಬ ಒಂದು ಶಬ್ದಕ್ಕೆ ಉತ್ತರ ಕೊಡಲೆಂದೇ ನಾನು ಹಾಡು ಬರೆದಿದ್ದೆ. ಅದೇ ಶಬ್ದವನ್ನು ತಂದು ನನ್ನ ಕೊರಳಿಗೆ ಹಾರವಾಗಿ ಹಾಕಿದ್ದರು.

ನಮ್ಮದು ಕುಷ್ಟಗಿ. ಅಬ್ಬಾ ಕುಷ್ಟಗಿಯಿಂದ ಹನುಮಸಾಗರಕ್ಕೆ ಕ್ರೂಸರ್ ಓಡಿಸುತ್ತಾರೆ. “ಹನುಮಸಾಗರ, ಹನುಮಸಾಗರ, ಹತ್ರಿ ಹತ್ರಿ, ಜಾಗ ಐತಿ!” ಎಂದು ಅವರು ಸ್ಟ್ಯಾಂಡಿನಲ್ಲಿ ಕೂಗುವುದನ್ನು ಕೇಳುತ್ತಲೇ ನಾನು ಬೆಳೆದೆ. ಮನೆಯಲ್ಲಿ ನಮ್ಮ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಸಿಟ್ಟು ಬಂದರೆ ಪೂರ್ತಿ ಕನ್ನಡ. ನಾನು ಓದಿದ್ದು ಕನ್ನಡ ಎಂ.ಎ. ಗಂಗಾವತಿಯ ಒಂದು ಖಾಸಗಿ ಶಾಲೆಯಲ್ಲಿ ಹತ್ತನೇ ತರಗತಿಗೆ ಕನ್ನಡ ಕಲಿಸುತ್ತಿದ್ದೆ. ಶನಿವಾರ ಶಾಲೆ ಬಿಟ್ಟ ಮೇಲೆ ಮೂವರು ಗೆಳೆಯರ ಜೊತೆ ಸೇರಿ ರ್‍ಯಾಪ್ ಮಾಡುತ್ತಿದ್ದೆ. ಅವರ ಹಾಡುಗಳಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಪಲ್ಲವಿ ಮಾತ್ರ. “ನಿನ್ನ ದನಿ ಪಲ್ಲವಿಗೆ ಛಲೋ ಐತಿ” ಎನ್ನುತ್ತಿದ್ದರು. ಕೊನೆಗೆ ನಾನೊಬ್ಬಳೇ ಹಾಡಲು ಹೊರಟೆ.

ಅದಕ್ಕೆ ಕಾರಣ ಒಂದು ಬಾಡಿಗೆ ಮನೆ. ಕುಷ್ಟಗಿಯಿಂದ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ ಗಂಗಾವತಿಯಲ್ಲಿ ಒಂದು ಖೋಲಿ ಹುಡುಕತೊಡಗಿದ್ದೆ. ಒಬ್ಬ ಮನೆಯೊಡತಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. “ಟೀಚರ ಏನ್ರಿ? ಛಲೋ ಆತು ಬಿಡ್ರಿ. ನಮ್ಮ ಮೊಮ್ಮಗಳಿಗೆ ಕನ್ನಡ ಹೇಳಿಕೊಡಾಕ ಒಬ್ಬರು ಬೇಕಾಗಿತ್ತು. ಇವತ್ತ ಬಂದು ನೋಡ್ರಿ” ಎಂದರು. ಫೋನ್ ಇಡುವ ಮುಂಚೆ ಹೆಸರು ಕೇಳಿದರು. ಹೇಳಿದೆ. ಆಮೇಲೆ, “ಅಯ್ಯ, ನಮ್ಮ ಯಜಮಾನ್ರು ಆಗಲೇ ಯಾರಿಗೋ ಮಾತು ಕೊಟ್ಟಾರಂತವಾ. ನಿಮ್ಮ ಕನ್ನಡ ಮಾತ್ರ ಭಾಳ ಛಂದ ಐತಿ. ಎಲ್ಲಿ ಕಲ್ತ್ರಿ?” ಎಂದರು.

ಹಾಡಿಗೆ ‘ಎಲ್ಲಿ ಕಲ್ತಿ?’ ಎಂದೇ ಹೆಸರಿಟ್ಟೆ. ಮದುವೆ ವಿಡಿಯೊ ಮಾಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅದನ್ನು ರೆಕಾರ್ಡ್ ಮಾಡಿಸಿದೆ. ಮೊದಲ ಚರಣದಲ್ಲಿ ಅಬ್ಬಾನ ಸ್ಟ್ಯಾಂಡು, ನಮ್ಮ ಓಣಿ, ನಾನು ಅಕ್ಷರ ತಿದ್ದಿದ ಸರ್ಕಾರಿ ಸಾಲಿ. ಎರಡನೆಯದರಲ್ಲಿ ಆ ಮನೆ:

ಫೋನಿನ್ಯಾಗ ಅಂದಿ ನೀ, ಬಾರವ್ವ ಅಕ್ಕ,
ಹೆಸರ ಕೇಳಿದ ಕೂಡ್ಲೆ ಕೀಲಿ ಬಿತ್ತ ಪಕ್ಕಾ.
ನನ್ನ ಮಾತ ಒಳಗ ಕರದ ಮಣಿ ಹಾಕಿ ಕುಂದ್ರಿಸಿದಿ,
ನನ್ನನ್ನ ಮಾತ್ರ ಹೊಸ್ತಿಲದ ಹೊರಗ ನಿಂದ್ರಿಸಿದಿ.

ಹಾಡು ಹಬ್ಬಿತು. ಯಲಬುರ್ಗಾದ ಕಾಲೇಜು ಹುಡುಗಿಯರು ಮೊದಲ ಚರಣಕ್ಕೆ ರೀಲ್ಸ್ ಮಾಡಿದರು. ಕನಕಗಿರಿಯಿಂದ ನಮ್ಮ ಮಾಮು ಮನೆಗೇ ಬಂದು ಬೈದರು. “ನಮ್ಮ ಉರ್ದು ಜಬಾನಿನಾಗ ಹಾಡಾಕ ಏನಾಗಿತ್ತು ನಿನಗ? ಅವರ ಮುಂದ ಹೋಗಿ ಅಳೂದು ಯಾಕ?” ಎಂದರು. ಆ ಮಾತನ್ನು ಅವರು ಆಡಿದ್ದು ಕನ್ನಡದಲ್ಲಿ. ಅದನ್ನು ತೋರಿಸಿಕೊಟ್ಟಾಗ ಚಹಾ ಮುಟ್ಟದೆ ಎದ್ದು ಹೋದರು.

ರಾಜ್ಯೋತ್ಸವ ಹತ್ತಿರ ಬಂದಾಗ ಕೊಪ್ಪಳದ ಒಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಸನ್ಮಾನ ಮಾಡುತ್ತೇವೆ, ಹಾಡಬೇಕು ಎಂದರು. ಒಪ್ಪಿಕೊಂಡೆ. ಎರಡು ದಿನ ಬಿಟ್ಟು ಮತ್ತೆ ಫೋನ್ ಬಂತು.

“ಮೇಡಂ, ಒಂದು ಸಣ್ಣ ವಿನಂತಿರಿ. ಬುರ್ಖಾ ಹಾಕ್ಕೊಂಡು ಬರ್ರಿ.”

“ಯಾಕ್ರಿ? ಹಾಡೂ ಮುಂದ ನಾ ಹಾಕ್ಕೊಳಂಗಿಲ್ಲ.”

“ಹಂಗಲ್ರಿ. ಬುರ್ಖಾ ಹಾಕ್ಕೊಂಡಾಕಿ ಕೈಯಾಗ ಕನ್ನಡ ಬಾವುಟ ಹಿಡಕೊಂಡು ನಿಂತ್ರ ಪೇಪರಿನ್ಯಾಗ ಫೋಟೋ ಭಾಳ ಛಲೋ ಕಾಣಸ್ತೈತಿ. ಮತ್ತ, ಆ ಎರಡನೇ ಚರಣ ಬಿಟ್ಟುಬಿಡ್ರಿ. ಹಬ್ಬದ ದಿನ ಆ ಬಾಡಗಿ ಮನಿ ಸುದ್ದಿ ಯಾಕ?”

“ಎರಡನೇ ಚರಣ ಬಿಟ್ರ ಅದು ನನ್ನ ಹಾಡೇ ಅಲ್ಲರಿ.”

“ಅಯ್ಯ ಮೇಡಂ, ನಿಮ್ಮ ಮರ್ಯಾದಿ ಸಲುವಾಗೇ ಹೇಳಾಕತ್ತೀನಿ” ಎಂದು ಫೋನ್ ಇಟ್ಟರು.

ನನ್ನ ಮರ್ಯಾದೆ! ಅದು ಇವರ ಕೈಗೆ ಯಾವಾಗ ಹೋಗಿತ್ತೋ ನನಗೆ ತಿಳಿಯಲಿಲ್ಲ.

ರಾಜ್ಯೋತ್ಸವದ ದಿನ ಶಾಲೆಗೆ ಹೋಗುವಂತೆಯೇ ಚೂಡಿದಾರ ತೊಟ್ಟು, ತಲೆಯ ಮೇಲೆ ದುಪಟ್ಟಾ ಹೊದ್ದು ಹೋದೆ. ಅಬ್ಬಾ ತಮ್ಮ ಗಾಡಿಯಲ್ಲೇ ಕರೆದೊಯ್ದರು. ನನ್ನನ್ನು ನೋಡಿ ಕಾರ್ಯದರ್ಶಿಯ ಮುಖ ಸಣ್ಣಗಾಯಿತು. ನಿರೂಪಕ ಮೈಕಿನಲ್ಲಿ, “ಇವರ ಮನೆಮಾತು ಉರ್ದು. ಆದರೂ ಎಂಥ ಅಚ್ಚಗನ್ನಡ!” ಎಂದ. ಚಪ್ಪಾಳೆ ಬಿತ್ತು. ಮುಖ್ಯ ಅತಿಥಿಗಳು ಶಾಲು ಹೊದಿಸುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: “ಛಂದ ಮಾತಾಡ್ತೀಯಂತಲ್ಲವಾ, ಎಲ್ಲಿ ಕಲ್ತಿ?”

ಚೇಷ್ಟೆ ಮಾಡುತ್ತಿದ್ದಾರೇನೋ ಎಂದು ಅವರ ಮುಖ ನೋಡಿದೆ. ಚೇಷ್ಟೆಯಲ್ಲ. ಅವರು ಹಾಡನ್ನೇ ಕೇಳಿರಲಿಲ್ಲ. ಯಾವ ಹಾಡಿಗೆ ಸನ್ಮಾನ ಮಾಡುತ್ತಿದ್ದೇನೆಂಬುದೂ ಅವರಿಗೆ ಗೊತ್ತಿರಲಿಲ್ಲ.

ಶಾಲನ್ನು ಕುರ್ಚಿಯ ಮೇಲಿಟ್ಟು ಹಾಡಲು ನಿಂತೆ. ಮೊದಲ ಚರಣಕ್ಕೆ ಮುಂದಿನ ಸಾಲಿನವರು ತಲೆದೂಗಿದರು. ಎರಡನೆಯದಕ್ಕೆ ಬಾಯಿ ತೆರೆಯುತ್ತಲೇ ಸಂಗೀತ ನಿಂತಿತು. ಬಿಡದೆ ಹಾಡಿದೆ. ಮೈಕೂ ಸತ್ತಿತು. ಆದರೆ ಕಿಕ್ಕಿರಿದ ತರಗತಿಯಲ್ಲಿ ಮೈಕಿಲ್ಲದೆ ಪಾಠ ಹೇಳುವ ಗಂಟಲು ನನ್ನದು. ವೇದಿಕೆಯ ಅಂಚಿಗೆ ಬಂದು ಕೂಗಿ ಹಾಡಿದೆ. “ಸಾಕ್ರಿ ಮೇಡಂ, ಇಳೀರಿ” ಎಂದು ಕಾರ್ಯದರ್ಶಿ ಪಕ್ಕಕ್ಕೆ ಬಂದು ನಿಂತರು. ಯಾರೋ ಸೀಟಿ ಹೊಡೆದರು, ಯಾರೋ ಬೈದರು. ಹಿಂದೆ ಕೂತಿದ್ದ ಕೆಲವು ಹೆಣ್ಣುಮಕ್ಕಳು ಎದ್ದುನಿಂತು ಕೇಳಿದರು. ಕೊನೆಯ ಸಾಲು ಮುಗಿಸಿಯೇ ಇಳಿದೆ.

ಅಬ್ಬಾ ಗಾಡಿಯನ್ನು ಊರ ಹೊರಗೆ ತಂದರು. ಆಮೇಲೆ ಕನ್ನಡದಲ್ಲಿ ಶುರು ಮಾಡಿದರು. ಸಿಟ್ಟಾಗಿದ್ದಾರೆಂದು ಆಗ ತಿಳಿಯಿತು.

“ಸಭಾ ಸಮಾರಂಭಕ್ಕ ನನ್ನ ಗಾಡಿ ಕರಿಯೋರು ಇಂಥೋರೇ. ಇನ್ನ ಕರೀತಾರ ಅಂತೀಯೇನು?”

“ನಾ ತಪ್ಪು ಮಾಡಿದ್ನೇನು ಅಬ್ಬಾ?”

“ತಪ್ಪು ಅಂತ ನಾ ಎಲ್ಲಿ ಅಂದೆ? ಅಷ್ಟು ಗಡಬಡಿಸಿ ಹಾಡಿದ್ರ ಹಿಂದ ಕುಂತವರಿಗೆ ಏನ ತಿಳೀತೈತಿ? ಕೂಗೂ ಮುಂದ ಒಂದೊಂದ ಮಾತು ಬಿಡಿಸಿ ಕೂಗಬೇಕು.”

ನನಗೆ ನಗು ಬರಬೇಕಿತ್ತು. ಅಳು ಬಂತು.

ಸಂಘದವರು ಮೊದಲ ಚರಣದ ವಿಡಿಯೊವನ್ನಷ್ಟೇ ಹಾಕಿದರು. ಸಭೆಯಲ್ಲಿದ್ದ ಯಾರೋ ಉಳಿದದ್ದನ್ನು ಹಾಕಿದರು. ಮರುವಾರ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಕರೆಸಿದರು. ಪಾಲಕರಲ್ಲಿ ಕೆಲವರು ‘ಹಿಂದೂಗಳ ವಿರುದ್ಧ ಹಾಡುವ ಟೀಚರ್ ಬೇಡ’ ಎಂದು ಬಂದಿದ್ದರಂತೆ. ಇನ್ನು ಕೆಲವರು ‘ಮುಸ್ಲಿಂ ಹೆಣ್ಣುಮಗಳು ವೇದಿಕೆಯಲ್ಲಿ ಹಾಡುವುದು ಸರಿಯಲ್ಲ’ ಎಂದು ಬಂದಿದ್ದರಂತೆ. ಬೇರೆ ಯಾವುದರಲ್ಲೂ ಒಂದಾಗದವರು ನನ್ನ ವಿಷಯದಲ್ಲಿ ಒಂದಾಗಿದ್ದರು.

“ಹಾಡರ ಇಟ್ಕೋರಿ, ಇಲ್ಲಂದ್ರ ಸಾಲಿಯರ ಇಟ್ಕೋರಿ” ಎಂದರು ಅಧ್ಯಕ್ಷರು.

“ಎರಡೂ ನನ್ನವೇ ಅದಾವ್ರಿ ಸರ್.”

ಹತ್ತನೆಯವರ ಪರೀಕ್ಷೆ ಮುಗಿಯುವ ತನಕ ನನ್ನಿಂದ ಪಾಠ ಮಾಡಿಸಿಕೊಂಡರು. ಮಕ್ಕಳ ಫಲಿತಾಂಶ ಅವರಿಗೆ ಬೇಕಿತ್ತು. ಜೂನಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದರು. ಬರಬೇಡಿ ಎಂದು ಬಾಯಿಬಿಟ್ಟು ಹೇಳುವ ಸೌಜನ್ಯವೂ ಅವರಿಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ್ದನ್ನು ನೋಡಿ ನಾನೇ ತಿಳಿದುಕೊಂಡೆ.

ಅದೇ ಜೂನಿನ ಒಂದು ಮಧ್ಯಾಹ್ನ, ನನ್ನ ಹಾಡು ಕೇಳಿದ ಬೇವೂರಿನ ಗೌಂಡಿಯೊಬ್ಬರು ಫೋನ್ ಮಾಡಿದರು. ಕೊಪ್ಪಳದಲ್ಲಿ ಮನೆ ಕಟ್ಟುವ ಕೆಲಸ ಅವರದು.

“ಅಕ್ಕಾರ, ನಿಮಗ ಹೆಸರ ಕೇಳತಾರ. ನಮಗ ಜಾತಿ ತಿಳ್ಕೊಳ್ಳಾಕ ಊರಾಗ ಯಾವ ಓಣಿ ಅಂತ ಕೇಳತಾರ. ನಾನೇ ಗ್ವಾಡಿ ಕಟ್ಟಿದ ಮನಿ ರೀ. ಬಾಡಗಿ ಕೇಳಾಕ ಹೋದ್ರ ಖಾಲಿ ಇಲ್ಲ ಅಂದ್ರು” ಎಂದು ಜೋರಾಗಿ ನಕ್ಕರು.

ಆ ನಗುವನ್ನು ಸಹಿಸಲು ನನಗೆ ಆಗಲಿಲ್ಲ. “ನಗಬ್ಯಾಡ್ರಿ ಅಣ್ಣಾ. ಸಿಟ್ಟ ಬರಂಗಿಲ್ಲೇನ್ರಿ ನಿಮಗ?” ಎಂದೆ.

ಅವರು ನಗು ನಿಲ್ಲಿಸಿದರು.

“ಬರತೈತ್ರಿ. ಆದ್ರ ಸಿಟ್ಟ ಮಾಡ್ಕೊಂಡು ಕುಂತ್ರ ನಾಳೆ ಕೆಲಸಕ್ಕ ಹೋಗಾಕ ಆಗಂಗಿಲ್ಲ.”

ನನಗೆ ಮರುದಿನ ಹೋಗಲು ಕೆಲಸವೇ ಇರಲಿಲ್ಲ; ಸಿಟ್ಟು ಮಾಡಿಕೊಂಡು ಕೂರಲು ಬೇಕಾದಷ್ಟು ಹೊತ್ತಿತ್ತು.